ಹೆತ್ತವರಿಗೆ ಹಣ ಕಳುಹಿಸಿದರೆ ಮುಗಿಯಿತೇ?

ಭಟ್ಕಳದ ನವಾಯತ್ ಕಾಲನಿಯಲ್ಲಾಗಲಿ, ಹೊನ್ನಾವರ ಮತ್ತು ಕುಮಟಾ ಪೇಟೆಗಳ ಆಸುಪಾಸಿನಲ್ಲಾಗಲಿ ಕಳೆದ ಮೂರು ನಾಲ್ಕು ದಶಕಗಳಲ್ಲಿ ಎದ್ದು ನಿಂತ ಮನೆಗಳನ್ನು ನೋಡಿದವರಿಗೆ ಒಂದು ವಿಷಯ ಹೊಳೆಯದಿರದು. ಅಲ್ಲಿ ಕೋಣೆಗಳು ಹೆಚ್ಚು, ಜನರು ಕಡಿಮೆ. ಮೂವರು ಗಂಡುಮಕ್ಕಳಿಗೆಂದು ಕಟ್ಟಿಸಿದ ಮೂರು ಅಂತಸ್ತುಗಳಲ್ಲಿ ಎರಡಕ್ಕೆ ಬೀಗ ಬಿದ್ದಿರುತ್ತದೆ. ಕೆಳಗಿನ ಅಂತಸ್ತಿನ ಒಂದು ಕೋಣೆಯಲ್ಲಿ ಎಪ್ಪತ್ತು ದಾಟಿದ ತಾಯಿ, ಜೊತೆಗೆ ಬೆಳಿಗ್ಗೆ ಬಂದು ಸಂಜೆ ಹೋಗುವ ಕೆಲಸದಾಕೆ. ಮಕ್ಕಳು ದುಬೈಯಲ್ಲಿ, ರಿಯಾದ್‌ನಲ್ಲಿ, ಮೊಮ್ಮಕ್ಕಳು ಈಗೀಗ ಕೆನಡಾದಲ್ಲಿ. ತಿಂಗಳ ಮೊದಲ ವಾರ ತಪ್ಪದೆ ಹಣ ಬರುತ್ತದೆ. ಶುಕ್ರವಾರ ಫೋನಿನ ಪರದೆಯ ಮೇಲೆ ಎಲ್ಲರ ಮುಖವೂ ಬರುತ್ತದೆ. ತಾಯಿ ಏಕೆ ಸೊರಗುತ್ತಿದ್ದಾಳೆಂದು ಯಾರಾದರೂ ಕೇಳಿದರೆ, ‘ನಾವು ಏನು ಕಡಿಮೆ ಮಾಡಿದ್ದೇವೆ?’ ಎಂಬ ಮರುಪ್ರಶ್ನೆಯೂ ಬರುತ್ತದೆ.

ಈ ಮರುಪ್ರಶ್ನೆಗೆ ಸಮುದಾಯದಲ್ಲಿ ಯಾರೂ ಉತ್ತರಿಸುವುದಿಲ್ಲ. ಉತ್ತರಿಸಿದರೆ ಮಸೀದಿಗೆ, ಮದ್ರಸಕ್ಕೆ, ಶಾಲೆಗೆ ದೇಣಿಗೆ ನೀಡುವ ಕೈಯನ್ನು ನೋಯಿಸಿದಂತಾಗುತ್ತದೆ ಎಂಬ ಅಳುಕು. ನಾವು ಉತ್ತರಿಸಬಯಸುತ್ತೇವೆ.

ಗಲ್ಫ್‌ನಲ್ಲಿ ದುಡಿಯುವವರನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಈ ಕರಾವಳಿಯ ಮುಸ್ಲಿಮರು ಹಿಂದೆ ಮದ್ರಾಸು, ಮುಂಬಯಿ, ಕಲ್ಕತ್ತಾಗಳಿಗೆ ವ್ಯಾಪಾರಕ್ಕೆ ಹೋದವರು. 1970ರ ದಶಕದ ನಂತರ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಊರಿನಲ್ಲಿ ಉದ್ಯೋಗವಿದ್ದರೆ ನಲ್ವತ್ತೈದು ಡಿಗ್ರಿ ಬಿಸಿಲಿಗೆ ಯಾರೂ ಹೋಗುತ್ತಿರಲಿಲ್ಲ. ಆದರೆ ಅಂದಿನ ವ್ಯಾಪಾರಿ ಹೋದಾಗ ಮನೆ ಖಾಲಿಯಾಗುತ್ತಿರಲಿಲ್ಲ. ಹೆಂಡತಿ, ಮಕ್ಕಳು, ವಿಧವೆ ಅತ್ತೆ, ಅವಿವಾಹಿತ ಚಿಕ್ಕಪ್ಪ ಎಲ್ಲರೂ ಒಂದೇ ಸೂರಿನಡಿ ಇದ್ದರು. ಹಳೆ ಊರಿನ ಓಣಿಗಳಲ್ಲಿ ಮನೆಗಳು ಒಂದಕ್ಕೊಂದು ಆತುಕೊಂಡಿದ್ದವು. ಒಂದು ಮನೆಯ ಕೆಮ್ಮು ಇನ್ನೊಂದು ಮನೆಗೆ ಕೇಳಿಸುತ್ತಿತ್ತು. ಇಂದು ಕುಟುಂಬವೇ ವೀಸಾದೊಂದಿಗೆ ಹೊರಟಿದೆ. ಉಳಿದಿರುವುದು ಆಳೆತ್ತರದ ಕಂಪೌಂಡ್ ಗೋಡೆ ಮತ್ತು ಅದರೊಳಗೆ ಒಬ್ಬರೋ ಇಬ್ಬರೋ ವೃದ್ಧರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಅವರು ಅಂಗಳಕ್ಕೂ ಇಳಿಯಲಾರರು.

ಇಂತಹ ಬದುಕಿನಲ್ಲಿ ಮನಸ್ಸು ಕುಸಿಯುತ್ತದೆ. ಕುಸಿದಾಗ ನಾವು ಅದಕ್ಕೆ ಇಡುವ ಹೆಸರು ‘ವಯಸ್ಸಾಯಿತು’ ಎಂಬುದು. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕನ್ನಡ ನಾಡಿನ ಹಿರಿಯರಿಗೆ ಮಾಡಿದಷ್ಟು ಅನ್ಯಾಯವನ್ನು ಬೇರಾವ ಗಾದೆಯೂ ಮಾಡಿರಲಾರದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಯಿದೆ. ಇದು ಸಣ್ಣ ಸಂಖ್ಯೆಯಲ್ಲ. ಆದರೆ ಅದನ್ನೇ ತಿರುಗಿಸಿ ಓದಿದರೆ ನೂರರಲ್ಲಿ ತೊಂಬತ್ತೆರಡು ಮಂದಿಗೆ ಆ ಕಾಯಿಲೆ ಇಲ್ಲ ಎಂದಾಯಿತು. ಹಾಗಿರುವಾಗ ಅರಳುಮರಳು ವಯಸ್ಸಿನ ಸಹಜ ಧರ್ಮವಾಗುವುದು ಹೇಗೆ?

ಡಿಮೆನ್ಶಿಯಾಕ್ಕಿಂತ ಹೆಚ್ಚು ಕಣ್ತಪ್ಪಿ ಹೋಗುವುದು ಖಿನ್ನತೆ. ವೃದ್ಧರ ಖಿನ್ನತೆಯು ಕಣ್ಣೀರಿನ ರೂಪದಲ್ಲೇ ಬರಬೇಕೆಂದಿಲ್ಲ. ಅದು ಮಂಡಿನೋವಾಗಿ, ಎದೆಯುರಿಯಾಗಿ, ಊಟ ಸೇರದಿರುವಿಕೆಯಾಗಿ, ರಾತ್ರಿ ಎರಡು ಗಂಟೆಗೇ ಎಚ್ಚರವಾಗಿ, ಕೆಲಸದಾಕೆಯ ಮೇಲಿನ ಸಿಟ್ಟಾಗಿ ಬರುತ್ತದೆ. ಮಗ ರಜೆಯಲ್ಲಿ ಬಂದವನು ತಾಯಿಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಕರೆದೊಯ್ದು ಹೃದಯ, ಹೊಟ್ಟೆ, ಮೂಳೆ ಎಲ್ಲದರ ಚಿತ್ರ ತೆಗೆಸುತ್ತಾನೆ. ವರದಿಗಳೆಲ್ಲ ಸರಿಯಾಗಿಯೇ ಬರುತ್ತವೆ. ಮನೋವೈದ್ಯರ ಬಾಗಿಲು ಮಾತ್ರ ಅದೇ ಆಸ್ಪತ್ರೆಯ ಪಕ್ಕದ ಕಾರಿಡಾರಿನಲ್ಲಿದ್ದರೂ ತೆರೆಯುವುದಿಲ್ಲ. ‘ನಮ್ಮ ಮನೆಯಲ್ಲಿ ಹುಚ್ಚು ಯಾರಿಗೂ ಇಲ್ಲ’ ಎಂಬುದು ಅದಕ್ಕೆ ಕೊಡುವ ಕಾರಣ. ಮನೆಯ ಹೆಣ್ಣುಮಕ್ಕಳ ಮದುವೆ ಮಾತುಕತೆಗೆ ತೊಂದರೆಯಾದೀತೆಂಬ ಲೆಕ್ಕಾಚಾರ ಅದರ ಹಿಂದಿರುತ್ತದೆ.

ಇನ್ನು ಕಿವಿಯ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕಾಗಿದೆ, ಏಕೆಂದರೆ ಇದರಷ್ಟು ಸುಲಭವಾಗಿ ಸರಿಪಡಿಸಬಹುದಾದದ್ದೂ ಇದರಷ್ಟು ನಿರ್ಲಕ್ಷ್ಯಕ್ಕೆ ಒಳಗಾದದ್ದೂ ಬೇರೊಂದಿಲ್ಲ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಡಿಮೆನ್ಶಿಯಾಕ್ಕೆ ದಾರಿಮಾಡುವ, ಆದರೆ ತಡೆಯಬಹುದಾದ 14 ಕಾರಣಗಳನ್ನು ಗುರುತಿಸಿತು. ಇವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂಬುದು ಅದರ ಅಂದಾಜು. ಆ ಪಟ್ಟಿಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನಗಳ ಜೊತೆಗೆ ಕಿವುಡುತನ, ದೃಷ್ಟಿದೋಷ, ಖಿನ್ನತೆ ಮತ್ತು ಒಂಟಿತನವೂ ಇವೆ. ಕಿವಿ ಕೇಳಿಸದ ವೃದ್ಧ ಮೊದಲು ಎರಡನೆಯ ಬಾರಿ ಕೇಳುತ್ತಾನೆ. ಮೂರನೆಯ ಬಾರಿ ಕೇಳಿದಾಗ ಮನೆಯವರು ನಗುತ್ತಾರೆ. ಆಮೇಲೆ ಅವನು ಕೇಳುವುದನ್ನೇ ಬಿಡುತ್ತಾನೆ. ಜುಮಾದ ಖುತ್ಬಾ ಅವನಿಗೆ ತಲುಪುವುದಿಲ್ಲ, ಮದುವೆ ಮನೆಯ ಮಾತು ತಲುಪುವುದಿಲ್ಲ, ಮೊಮ್ಮಗನ ಫೋನು ತಲುಪುವುದಿಲ್ಲ. ಕೆಲವೇ ವರ್ಷಗಳಲ್ಲಿ ಅವನನ್ನು ‘ಮರೆಗುಳಿ’ ಎಂದು ಕರೆಯಲಾಗುತ್ತದೆ. ಕನ್ನಡಕ ಧರಿಸಲು ನಾಚದ ಸಮಾಜ ಶ್ರವಣಯಂತ್ರಕ್ಕೆ ಏಕೆ ನಾಚುತ್ತದೆ? ಮಸೀದಿಗೆ ಹೊಸ ಧ್ವನಿವರ್ಧಕ ಕೊಡಿಸಲು ಹತ್ತು ಮಂದಿ ಮುಂದೆ ಬರುತ್ತಾರೆ. ಮೊದಲ ಸಫ್ಫಿನಲ್ಲಿ ಕುಳಿತ ಹಿರಿಯರಿಗೆ ಅದರ ಧ್ವನಿ ಕೇಳಿಸುತ್ತಿದೆಯೇ ಎಂದು ಅವರಲ್ಲಿ ಯಾರೂ ಕೇಳಿದಂತಿಲ್ಲ.

ಇನ್ನೊಂದು ಸಂಗತಿ ಪ್ರತಿ ಮನೆಯಲ್ಲಿ ತಿಳಿದಿರಬೇಕಾದುದು. ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದ ವೃದ್ಧರು ಎರಡು ಮೂರು ದಿನಗಳಲ್ಲಿ ಗೊಂದಲಕ್ಕೊಳಗಾಗಿ, ಮನೆಯವರನ್ನೇ ಗುರುತಿಸದೆ, ರಾತ್ರಿ ಎದ್ದು ಏನೇನೋ ಮಾತಾಡತೊಡಗಿದರೆ ಅದು ಮುದಿತನವೂ ಅಲ್ಲ, ಮತ್ತೊಂದೂ ಅಲ್ಲ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಕುಸಿತ, ಸಕ್ಕರೆಯ ಏರಿಳಿತ, ಯಾವುದೋ ಮಾತ್ರೆಯ ಅಡ್ಡಪರಿಣಾಮ ಇವುಗಳಲ್ಲಿ ಒಂದು ಕಾರಣ ಇರುವ ಸಾಧ್ಯತೆಯೇ ಹೆಚ್ಚು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಾ ಉಪ್ಪನ್ನೂ ಪೂರ್ತಿ ಬಿಟ್ಟ ವೃದ್ಧರಲ್ಲಿ ಸೋಡಿಯಂ ಇಳಿಯುವುದು ಅಪರೂಪವೇನಲ್ಲ. ಅಂದೇ ಆಸ್ಪತ್ರೆಗೆ ಒಯ್ದರೆ ಬಹಳಷ್ಟು ಮಂದಿ ಮೊದಲಿನಂತಾಗುತ್ತಾರೆ. ತಡಮಾಡಿದರೆ ಪ್ರಾಣಕ್ಕೇ ಅಪಾಯ. ನಿಧಾನವಾಗಿ ಬರುವ ಮರೆವಿನಲ್ಲಿಯೂ ಥೈರಾಯ್ಡ್ ಕೊರತೆ, ಬಿ12 ಕೊರತೆ, ಖಿನ್ನತೆಗಳಂತಹ ಚಿಕಿತ್ಸೆಗೆ ಬಗ್ಗುವ ಕಾರಣಗಳಿರುತ್ತವೆ. ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ತಂದು ವರ್ಷಗಟ್ಟಲೆ ನುಂಗಿಸುವ ನಿದ್ರೆಮಾತ್ರೆಗಳಂತೂ ವೃದ್ಧರನ್ನು ಮಂಕಾಗಿಸುತ್ತವೆ, ಬಚ್ಚಲಲ್ಲಿ ಬೀಳಿಸುತ್ತವೆ. ಆದರೆ ವರ್ಷಗಳಿಂದ ನುಂಗುತ್ತಿರುವುದನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯಕರ. ವೈದ್ಯರ ಸಲಹೆಯಂತೆ ಹಂತಹಂತವಾಗಿ ಬಿಡಿಸಬೇಕು.

ಇಲ್ಲಿ ನಮ್ಮ ಸಮುದಾಯದೊಳಗಿನ ಒಂದು ಕಸುಬಿನ ಬಗ್ಗೆ ಮಾತಾಡದಿರುವುದು ಅಪ್ರಾಮಾಣಿಕತೆಯಾದೀತು. ಗೊಂದಲಗೊಂಡ ವೃದ್ಧೆಗೆ ಜಿನ್ನ್ ಹಿಡಿದಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಹೇಳಿ ತಾಯಿತ ಮಾರುವವರು ಕರಾವಳಿಯ ಯಾವ ಪೇಟೆಯಲ್ಲಿಲ್ಲ? ಸೋಡಿಯಂ ಇಳಿದ ಜೀವವನ್ನು ಮೂರು ವಾರ ನೀರು ಊದಿಸಿಕೊಂಡು ಇಟ್ಟುಕೊಳ್ಳುವುದು ಧಾರ್ಮಿಕತೆಯಲ್ಲ, ಹಿಂಸೆ. ಕುರ್‌ಆನ್ ಪಾರಾಯಣದಿಂದ ಮನಸ್ಸಿಗೆ ನೆಮ್ಮದಿ ದೊರೆಯುತ್ತದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಪಾರಾಯಣವನ್ನು ವೈದ್ಯನ ಬಾಗಿಲಿಗೆ ಅಡ್ಡಗಟ್ಟೆಯಾಗಿ ನಿಲ್ಲಿಸುವವರ ಬಗ್ಗೆ ನಮ್ಮ ತಕರಾರು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸಮೀಪದ ಖಾಸಗಿ ಆಶ್ರಯಕೇಂದ್ರವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಿಂದ ಬಿಗಿದಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಅವರವರ ಕುಟುಂಬದವರೇ.

ಇದು ನಮ್ಮ ಪರಂಪರೆಯೆಂದು ಹೇಳುವವರು ಪರಂಪರೆಯನ್ನು ಓದಿದವರಲ್ಲ. ಸಾವಿರ ವರ್ಷಗಳಿಗಿಂತಲೂ ಹಿಂದೆ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಜೊತೆಜೊತೆಯಾಗಿ ಚರ್ಚಿಸಿದರು. ಕಾರಣ ತಿಳಿದ ದುಃಖ ಬೇರೆ, ಕಾರಣವೇ ತಿಳಿಯದ ದುಃಖ ಬೇರೆ ಎಂದು ಅವರು ವಿಂಗಡಿಸಿದ್ದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗವಿತ್ತು. ಅದು ವಕ್ಫ್ ಆದಾಯದಿಂದ ನಡೆಯುತ್ತಿತ್ತು. ಪ್ರತಿಯೊಂದು ರೋಗಕ್ಕೂ ಔಷಧವಿದೆ, ಮುಪ್ಪಿಗೆ ಮಾತ್ರ ಇಲ್ಲ ಎಂಬರ್ಥದ ಪ್ರವಾದಿವಚನವನ್ನು(ಸ) ಕೆಲವರು ಕೈಚೆಲ್ಲುವುದಕ್ಕೆ ಆಧಾರವಾಗಿ ಬಳಸುತ್ತಾರೆ. ಆ ವಚನದ ಸಂದರ್ಭವೇ ಚಿಕಿತ್ಸೆ ಪಡೆಯಿರೆಂಬ ಆಜ್ಞೆ. ಮುಪ್ಪಿಗೆ ಔಷಧವಿಲ್ಲ, ನಿಜ. ಆದರೆ ಖಿನ್ನತೆ ಮುಪ್ಪಲ್ಲ. ಕಿವುಡುತನ ಮುಪ್ಪಲ್ಲ.

ಬನೀ ಇಸ್ರಾಈಲ್ ಅಧ್ಯಾಯದಲ್ಲಿ ತಂದೆತಾಯಿಯ ಕುರಿತು ಬಂದಿರುವ 23ನೆಯ ವಚನ ನಮ್ಮ ಓದುಗರಿಗೆಲ್ಲ ಕಂಠಪಾಠ. ಮುದಿ ತಂದೆತಾಯಿಗೆ ‘ಉಫ್’ ಎನ್ನಬಾರದೆಂಬ ಭಾಗವನ್ನು ಎಲ್ಲ ಪ್ರವಚನಕಾರರೂ ವಿವರಿಸುತ್ತಾರೆ. ಅದಕ್ಕಿಂತ ಮುಂಚೆ ಬರುವ ಒಂದು ಪುಟ್ಟ ಪದ ಮಾತ್ರ ಪ್ರವಚನಗಳಲ್ಲಿ ಜಾರಿಹೋಗುತ್ತದೆ. ಆ ವಚನದಲ್ಲಿ ಹೆತ್ತವರು ಮುಪ್ಪಿಗೆ ತಲುಪುವುದು ಮಗನ ‘ಬಳಿ’ಯಲ್ಲಿ. ಸಾವಿರಾರು ಮೈಲಿ ದೂರವಿರುವವನಿಗೆ ಉಫ್ ಎನ್ನುವ ಪ್ರಸಂಗವಾದರೂ ಎಲ್ಲಿ ಬರುತ್ತದೆ? 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತಾಗ ಈ ದೂರ ಎಷ್ಟೆಂಬುದು ಎಲ್ಲರ ಅನುಭವಕ್ಕೆ ಬಂತು. ಜನಾಝಾವನ್ನು ಫೋನಿನಲ್ಲಿ ನೋಡಿದ ಮಕ್ಕಳಿದ್ದಾರೆ. ವಿಮಾನಗಳು ಮತ್ತೆ ಹಾರಿದವು. ಎರಡು ವರ್ಷಕ್ಕೊಮ್ಮೆ ನಲ್ವತ್ತು ದಿನ ಬರುವ ಕ್ರಮವೂ ಮತ್ತೆ ಆರಂಭವಾಯಿತು. ನಾಲ್ವರು ಸಹೋದರರಿರುವ ಮನೆಯಲ್ಲಿ ಸರದಿಯಂತೆ ಒಬ್ಬರು ಊರಿನಲ್ಲಿರುವುದು, ಉಳಿದ ಮೂವರು ಅವನ ವರಮಾನದ ನಷ್ಟವನ್ನು ತುಂಬುವುದು ಅಸಾಧ್ಯವೇ? ಒಂದು ಅಂತಸ್ತು ಕಡಿಮೆ ಕಟ್ಟಿಸಿದರೆ ಸಾಕು.

ಊರಿನಲ್ಲಿ ಉಳಿಯುವ ಮಗ ಕೂಡ ಸೇವೆಯನ್ನು ತಾನು ಮಾಡುವುದಿಲ್ಲ ಎಂಬುದು ಬೇರೆ ಮಾತು. ಅದು ಸೊಸೆಯ ಪಾಲು. ಮರೆವಿನ ಕಾಯಿಲೆಯಿರುವ ಅತ್ತೆಯನ್ನು ದಿನದ ಇಪ್ಪತ್ತನಾಲ್ಕು ಗಂಟೆ ಕಾಯುವುದು, ಸ್ನಾನ ಮಾಡಿಸುವುದು, ರಾತ್ರಿ ಬಾಗಿಲು ತೆರೆದು ಹೊರಗೆ ಹೋಗದಂತೆ ನೋಡಿಕೊಳ್ಳುವುದು ಇವೆಲ್ಲ ಒಬ್ಬಳೇ ಹೆಣ್ಣಿನ ಮೇಲೆ ಬೀಳುತ್ತವೆ. ಆಕೆ ದಣಿದಳೆಂದರೆ ‘ಕೆಟ್ಟ ಸೊಸೆ’. ಶರೀಅತ್ತಿನ ದೃಷ್ಟಿಯಲ್ಲಿ ತಂದೆತಾಯಿಯ ಸೇವೆಯ ಕಡ್ಡಾಯ ಹೊಣೆ ಮಕ್ಕಳದ್ದು; ಸೊಸೆ ಮಾಡುವುದು ಔದಾರ್ಯ. ಇದನ್ನು ಗಂಡಸರಿಗೆ ಖುತ್ಬಾದಲ್ಲಿ ಹೇಳಿದ ಖತೀಬರು ನಮಗೆ ವಿರಳವಾಗಿ ಸಿಕ್ಕಿದ್ದಾರೆ.

ಹಿರಿಯರ ಮನಸ್ಸನ್ನು ಕೆಡಿಸುವ ಮತ್ತೊಂದು ಸಂಗತಿ ನಿರುಪಯುಕ್ತತೆ. ಐವತ್ತು ವರ್ಷ ಅಂಗಡಿ ನಡೆಸಿದವನ ಕೈಯಿಂದ ಒಂದು ದಿನ ಬೀಗದ ಕೈ ತೆಗೆದುಕೊಳ್ಳುತ್ತಾರೆ. ‘ಇನ್ನು ಆರಾಮ ಮಾಡಿ’ ಎನ್ನುತ್ತಾರೆ. ಇಡೀ ಕೇರಿಯ ಮದುವೆಗೆ ಅಡುಗೆಯ ಅಳತೆ ಹೇಳುತ್ತಿದ್ದವಳನ್ನು ‘ಕಾಲು ಜಾರೀತು’ ಎಂದು ಅಡುಗೆಮನೆಯಿಂದ ಹೊರಗೆ ಕೂರಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಸಂಶಯವಿಲ್ಲ. ಆದರೆ ಮಾಡಲು ಕೆಲಸವಿಲ್ಲದ, ಕೇಳುವವರಿಲ್ಲದ ಬದುಕನ್ನು ಯಾವ ಮನಸ್ಸೂ ಬಹುಕಾಲ ತಾಳದು. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದನ್ನೂ ಹುಡುಗಿಯರಿಗೆ 13 ಹಾಗೂ ಹುಡುಗರಿಗೆ 23 ಶಾಲೆಗಳಿದ್ದುದನ್ನೂ ದಾಖಲಿಸಿದ್ದಾನೆ. ಆ ನೆಲದ ಅಜ್ಜಿಯರು ಇಂದು ಮಧ್ಯಾಹ್ನಗಳನ್ನು ಗೋಡೆ ನೋಡುತ್ತಾ ಕಳೆಯುತ್ತಿದ್ದಾರೆ. ಅದೇ ಓಣಿಯ ಮಕ್ಕಳಿಗೆ ಅಕ್ಷರ ತಿದ್ದಿಸಲು ದೂರದೂರಿನಿಂದ ಸಂಬಳ ಕೊಟ್ಟು ಉಸ್ತಾದರನ್ನು ತರಿಸಲಾಗುತ್ತಿದೆ. ನವಾಯತಿ ಭಾಷೆಯನ್ನು ಮೊಮ್ಮಕ್ಕಳಿಗೆ ಕಲಿಸಬಲ್ಲವರೂ ಈ ಅಜ್ಜಿಯರೇ. ಅದೂ ಈಗ ಇಂಗ್ಲಿಷಿನ ಕಾರ್ಟೂನುಗಳ ಮುಂದೆ ಸೋಲುತ್ತಿದೆ.

ಗಂಡನನ್ನು ಕಳೆದುಕೊಂಡ ವೃದ್ಧೆಯ ಇದ್ದತ್ತನ್ನು ನಮ್ಮಲ್ಲಿ ಏಕಾಂತ ಸೆರೆವಾಸವನ್ನಾಗಿ ಮಾಡಿರುವುದನ್ನೂ ಹೇಳಬೇಕು. ನಾಲ್ಕು ತಿಂಗಳು ಹತ್ತು ದಿನ ಆಕೆ ಮನೆಯಲ್ಲಿರಬೇಕೆಂಬುದು ಸರಿ. ಬಂಧುಗಳು ಬಂದು ಮಾತಾಡಬಾರದು, ಕಿಟಕಿ ತೆರೆಯಬಾರದು, ವೈದ್ಯರಲ್ಲಿಗೆ ಹೋಗಬಾರದು ಎಂಬುದು ಯಾವ ಫಿಕ್ಹ್ ಗ್ರಂಥದಲ್ಲಿದೆ? ಹೆಂಡತಿಯನ್ನು ಕಳೆದುಕೊಂಡ ಎಪ್ಪತ್ತರ ಮುದುಕ ಸಂಗಾತಿಗಾಗಿ ಮರುಮದುವೆಯ ಮಾತೆತ್ತಿದರೆ ಮಕ್ಕಳಿಗೆ ಅವಮಾನ. ಅಸಲಿಗೆ ಭಯ ಆಸ್ತಿಯ ಪಾಲಿನದು. ರಮಝಾನ್ ಬಂತೆಂದರೆ ಖಿನ್ನತೆಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಿಬಿಡುವವರಿದ್ದಾರೆ. ಉಪವಾಸ ಮಾಡಲಾಗದ ವೃದ್ಧರಿಗೆ ಫಿದ್ಯಾದ ರಿಯಾಯಿತಿ ಇರುವುದು ಬಳಸಿಕೊಳ್ಳಲೆಂದೇ.

ಆಸ್ತಿಯ ಮಾತು ಬಂದುದರಿಂದ ಕಾನೂನಿನ ಒಂದೆರಡು ಅಂಶಗಳು. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಭಟ್ಕಳ ಮತ್ತು ಕುಮಟಾದ ಉಪವಿಭಾಗಾಧಿಕಾರಿಗಳ ಮಟ್ಟದಲ್ಲೇ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಆದರೆ ಆ ಕಾಯ್ದೆ ಕೊಡಿಸುವುದು ತಿಂಗಳಿಗೆ ಗರಿಷ್ಠ 10,000 ರೂಪಾಯಿ. ನಮ್ಮ ಊರಿನ ವೃದ್ಧರಲ್ಲಿ ಅನೇಕರಿಗೆ ಅದಕ್ಕಿಂತ ಹೆಚ್ಚು ಈಗಾಗಲೇ ಬರುತ್ತಿದೆ. ಅವರ ಕೊರತೆ ಯಾವ ನ್ಯಾಯಮಂಡಳಿಯೂ ತುಂಬಿಕೊಡಲಾರದ್ದು. ಅದೇ ಕಾಯ್ದೆಯ 23ನೆಯ ಸೆಕ್ಷನ್ ಮಾತ್ರ ಎಲ್ಲರಿಗೂ ಉಪಯುಕ್ತ. ಆರೈಕೆ ಮಾಡಬೇಕೆಂಬ ಷರತ್ತಿನೊಂದಿಗೆ ಆಸ್ತಿ ಬರೆದುಕೊಟ್ಟು, ಪಡೆದವರು ಆರೈಕೆ ಮಾಡದಿದ್ದರೆ ಆ ವರ್ಗಾವಣೆಯನ್ನು ರದ್ದುಪಡಿಸಬಹುದು. ಹಿಬಾ ಮಾಡುವ ಹಿರಿಯರು ಆ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸುವುದು ಒಳ್ಳೆಯದು. ಬರೆಸಿದರೆ ಮಕ್ಕಳಿಗೆ ಬೇಸರವಾಗಬಹುದು, ಆಗಲಿ.

ಹಣವೇ ಬಾರದ ಮನೆಗಳೂ ಇವೆ. ಹೊನ್ನಾವರದ ಕಾಸರಕೋಡಿನಂತಹ ಮೀನುಗಾರಿಕೆಯ ಊರುಗಳಲ್ಲಿ ಬಲೆ ಹೆಣೆದು ಕಣ್ಣು ಕಳೆದುಕೊಂಡ ಮುದುಕರಿಗೆ ದುಬೈಯ ಮಗನೂ ಇಲ್ಲ, ಮಣಿಪಾಲಕ್ಕೆ ಹೋಗುವ ಕಾರೂ ಇಲ್ಲ. ಇಲ್ಲಿ ಸರಕಾರವನ್ನು ಪ್ರಶ್ನಿಸಲೇಬೇಕು. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ಎಷ್ಟು ಬಾರಿ ಕೇಳಿಲ್ಲ? 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯತ್ತ ಧಾವಿಸುತ್ತಿದ್ದ ಆ್ಯಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಪ್ರಾಣ ಕಳೆದುಕೊಂಡರು. ಅಪಘಾತ, ಹೃದಯಾಘಾತಗಳಿಗೇ ಜಿಲ್ಲೆ ದಾಟಬೇಕಾದಲ್ಲಿ ವೃದ್ಧರ ಮನಸ್ಸಿನ ಚಿಕಿತ್ಸೆಯ ಪಾಡೇನು? ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರಬೇಕೆಂಬ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ ಸರಕಾರ ರೂಪಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಕಾರಿ ವೆಚ್ಚದ ಮನೋಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದೇ ಘೋಷಿಸಿದೆ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಕಳೆದ ಮಂಗಳವಾರ ಮನೋವೈದ್ಯರು ಬಂದಿದ್ದರೇ ಎಂದು ವಿಚಾರಿಸಿದ ಜಮಾಅತ್ ಯಾವುದು? ಚುನಾವಣೆಯ ಹೊತ್ತಿಗೆ ಅಭ್ಯರ್ಥಿಗಳನ್ನು ಕರೆಸಿ ಬೇಡಿಕೆಗಳ ಪಟ್ಟಿ ಕೊಡುವ ಸಂಸ್ಥೆಗಳು ನಮ್ಮಲ್ಲಿವೆ. ಆ ಪಟ್ಟಿಯಲ್ಲಿ ಈ ಮಂಗಳವಾರಕ್ಕೂ ಒಂದು ಸಾಲು ಇರಲಿ.

ಬೇಡಿಕೆ ಈಡೇರುವವರೆಗೆ ಕಾಯಬೇಕಾಗಿಲ್ಲ. ಮನಸ್ಸಿನ ತೊಂದರೆಗೆ ಸರಕಾರದ ಟೆಲಿ ಮಾನಸ್ 14416 ಮತ್ತು ಹಿರಿಯರ ಸಹಾಯವಾಣಿ 14567 ಇವೆರಡಕ್ಕೂ ಕರೆ ಉಚಿತ. ಇವನ್ನು ಮಸೀದಿಯ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ಬರೆಯಿಸಲು ಎಷ್ಟು ಖರ್ಚಾದೀತು? ಧಾರವಾಡದ ಡಿಮ್ಹಾನ್ಸ್ ಮನೋಚಿಕಿತ್ಸೆಗೆಂದೇ ಇರುವ ಸರಕಾರಿ ಸಂಸ್ಥೆ; ವೃದ್ಧರನ್ನು ಅಲ್ಲಿಗೆ ಕರೆದೊಯ್ಯಲು ತಿಂಗಳಿಗೊಮ್ಮೆ ಒಂದು ವಾಹನ ಹೊರಡಿಸುವುದು ಭಟ್ಕಳದಂತಹ ಊರಿಗೆ ಭಾರವಲ್ಲ.

1912ರಲ್ಲಿ ಭಟ್ಕಳದಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮ್, 1919ರಲ್ಲಿ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಹುಟ್ಟಿದಾಗ ಅವುಗಳ ಮುಂದಿದ್ದುದು ತಮ್ಮ ಕಾಲದ ಕೊರತೆ. ಶಿಕ್ಷಣ ಇರಲಿಲ್ಲ, ಶಾಲೆ ಕಟ್ಟಿದರು. ಈ ಕಾಲದ ಕೊರತೆ ಬೇರೆ. ಒಂಟಿತನದೊಂದಿಗೆ ನಂಟಿರುವ ಸಾವುಗಳು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ವರದಿ ಮಾಡಿದೆ. ಭಟ್ಕಳ, ಹೊನ್ನಾವರ, ಕುಮಟಾದ ಜಮಾಅತ್‌ಗಳ ಮುಂದಿನ ಮಹಾಸಭೆಗಳಲ್ಲಿ ಕಟ್ಟಡ ದುರಸ್ತಿ ಮತ್ತು ಲೆಕ್ಕಪತ್ರಗಳ ಜೊತೆ ಈ ಪ್ರಶ್ನೆಗಳನ್ನೂ ಕಾರ್ಯಸೂಚಿಗೆ ಸೇರಿಸುವಂತೆ ಸದಸ್ಯರು ಬರಹದ ಮೂಲಕ ಒತ್ತಾಯಿಸಬೇಕೆಂದು ಕೋರುತ್ತೇವೆ: ನಮ್ಮ ಮೊಹಲ್ಲಾದಲ್ಲಿ ಒಂಟಿಯಾಗಿರುವ ವೃದ್ಧರು ಎಷ್ಟು ಮಂದಿ, ಅವರ ಹೆಸರು ಯಾವ ಪುಸ್ತಕದಲ್ಲಿದೆ, ಫಜ್ರ್‌ಗೆ ಬರುತ್ತಿದ್ದ ಹಿರಿಯರು ಮೂರು ದಿನ ಬಾರದಿದ್ದರೆ ಅವರ ಬಾಗಿಲು ತಟ್ಟುವ ಹೊಣೆ ಯಾರದು?